ಗುಬ್ಬಿ ಮುಟ್ಟಿದ ಗಿಡ

ಒಂದು ಎಲೆಯ ಚೂರು ಕೊಟ್ಟರೆ ಸಾಕು, ಆ ಗಿಡದ ಅಮ್ಮ, ಅಜ್ಜಿ, ಮುತ್ತಜ್ಜಿಯರನ್ನೆಲ್ಲ ಎಬ್ಬಿಸಿ ಕಣ್ಣೆದುರು ಸಾಲಾಗಿ ನಿಲ್ಲಿಸುವ ಯಂತ್ರವೊಂದು ನಮ್ಮ ಕೇಂದ್ರಕ್ಕೆ ಬಂದಾಗ ನಾನು ಅದನ್ನು ನಂಬಲಿಲ್ಲ. ಹೊಸ ಯಂತ್ರ ಬಂದಾಗಲೆಲ್ಲ ಮೂಗು ಮುರಿಯುವುದು ನನ್ನ ಹಳೆಯ ಚಾಳಿ. ಮೂವತ್ತು ವರ್ಷ ಗಾಂಜಾ ಗಿಡಗಳ ನಡುವೆಯೇ ಬದುಕಿದವಳಿಗೆ ಒಂದು ಪೆಟ್ಟಿಗೆ ಬಂದು ಏನು ಹೇಳಿಕೊಟ್ಟೀತು ಎಂದುಕೊಂಡಿದ್ದೆ.

ನಮ್ಮದು ರಾಯಚೂರಿನ ಹೊರಗಿರುವ ಔಷಧಿ ತಳಿ ಕೇಂದ್ರ. ಔಷಧಿಗಾಗಿ ಗಾಂಜಾ ಬೆಳೆಯಲು ಪರವಾನಗಿ ಸಿಗತೊಡಗಿದ ಮೇಲೆ ಹುಟ್ಟಿದ್ದು. ಮದುವೆಮನೆಗಳಲ್ಲಿ ನೆಂಟರು ನನ್ನನ್ನು ತೋರಿಸಿ ‘ಗಾಂಜಾ ನೀಲಗಂಗಾ’ ಎಂದು ಪಿಸುಗುಡುತ್ತಾರೆ. ಆಮೇಲೆ ಮಂಡಿನೋವಿನ ಎಣ್ಣೆ ಕೇಳಿಕೊಂಡು ಹಿಂಬಾಗಿಲಿಗೆ ಬರುವವರೂ ಅವರೇ.

ನಾನು ಕಟ್ಟಿದ ತಳಿಯ ಹೆಸರು ಸುಶಾಂತಿ. ಅದರ ಎಣ್ಣೆಯ ನಾಲ್ಕು ಹನಿ ನಾಲಿಗೆಯ ಕೆಳಗೆ ಬಿಟ್ಟರೆ ಬೇರೆ ಯಾವ ಮಾತ್ರೆಗೂ ಬಗ್ಗದ ಮೂರ್ಛೆರೋಗ ತಣ್ಣಗಾಗುತ್ತಿತ್ತು. ಅಮಲಿಲ್ಲ, ಮಂಪರಿಲ್ಲ. ಸಾವಿರಾರು ಮನೆಗಳಿಗೆ ಅದು ಹೋಗುತ್ತಿತ್ತು. ಅದರಲ್ಲಿ ನನ್ನ ಮನೆಯೂ ಒಂದು. ನನ್ನ ಗಂಡ ಅಮರೇಶ ಹಾರ್ಮೋನಿಯಂ ರಿಪೇರಿ ಮಾಡುವವರು. ಹನ್ನೊಂದು ವರ್ಷ ಅವರಿಗೆ ಒಂದು ಸಲವೂ ಮೂರ್ಛೆ ಬಂದಿರಲಿಲ್ಲ.

ಆ ವರ್ಷ ಯುಗಾದಿ ಕಳೆದ ವಾರ, ರಿಪೇರಿಗೆ ಬಿಚ್ಚಿಟ್ಟ ಹಾರ್ಮೋನಿಯಂ ಮೇಲೆಯೇ ಅವರು ಮೂರ್ಛೆ ಬಂದು ಬಿದ್ದರು. ಆಮೇಲೆ ತಿಂಗಳಿಗೆ ಎರಡು ಸಲ, ಆಮೇಲೆ ವಾರಕ್ಕೊಮ್ಮೆ. ಅಷ್ಟರಲ್ಲಿ ಬೇರೆ ಊರುಗಳಿಂದಲೂ ದೂರು ಬರತೊಡಗಿತ್ತು. ಎಣ್ಣೆ ಕೆಲಸ ಮಾಡುತ್ತಿಲ್ಲ ಎಂದು.

ಕಾರಣ ಹುಡುಕಲು ತಡವಾಗಲಿಲ್ಲ. ಸುಶಾಂತಿಯನ್ನು ನಾವು ಬೀಜದಿಂದ ಬೆಳೆಸುತ್ತಿರಲಿಲ್ಲ. ಒಂದೇ ತಾಯಿಗಿಡದ ಕಡ್ಡಿ ಮುರಿದು ನೆಟ್ಟು, ಅದರ ಕಡ್ಡಿ ಮತ್ತೆ ಮುರಿದು ನೆಟ್ಟು, ಇಪ್ಪತ್ತು ವರ್ಷ ಹಾಗೆಯೇ ನಡೆಸಿದ್ದೆವು. ಎಲ್ಲ ಗಿಡವೂ ಅಚ್ಚು ಹೊಡೆದಂತೆ ಒಂದೇ ತರಹ ಇರಲಿ ಎಂಬ ಆಸೆ. ವೈರಸ್ಸಿಗಿಂತಲೂ ಚಿಕ್ಕದಾದ ಒಂದು ಸೋಂಕು ಆ ಕಡ್ಡಿಗಳಲ್ಲಿ ಸೇರಿಕೊಂಡು ಕೇಂದ್ರದಿಂದ ಕೇಂದ್ರಕ್ಕೆ ಹಬ್ಬಿತ್ತು. ನೋಡಲು ಗಿಡ ಹಸಿರಾಗಿಯೇ ಇರುತ್ತದೆ, ಎಣ್ಣೆ ಮಾತ್ರ ಬತ್ತುತ್ತದೆ. ನಾವು ಅದನ್ನು ಬಡಕಲು ರೋಗ ಎಂದು ಕರೆದೆವು. ಎಲ್ಲವೂ ಒಂದೇ ಗಿಡವಾದ್ದರಿಂದ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂತು. ಹಾಗೆ ಮಾಡಿದವಳು ನಾನೇ ಎಂಬುದನ್ನು ಯಾರೂ ನನಗೆ ನೆನಪಿಸಬೇಕಿರಲಿಲ್ಲ.

ಯಂತ್ರಕ್ಕೆ ವಂಶದರ್ಪಣ ಎಂದು ಹೆಸರಿಟ್ಟಿದ್ದರು. ಅದನ್ನು ನಡೆಸುತ್ತಿದ್ದವಳು ಫರ್ಹಾನಾ, ಮಾನ್ವಿಯ ಕಡೆಯ ಎಂಜಿನಿಯರ್. ಎಲೆಯ ಜೀನುಗಳನ್ನು ಓದಿ, ಜಗತ್ತಿನಲ್ಲಿ ಉಳಿದಿರುವ ಎಲ್ಲ ತಳಿಗಳ ಜೊತೆ ತಾಳೆ ನೋಡಿ, ಯಾವ ತುಂಡು ಯಾರಿಂದ ಬಂತೆಂದು ಅದು ಹಿಂದಕ್ಕೆ ಹಿಂದಕ್ಕೆ ಲೆಕ್ಕ ಹಾಕುತ್ತಿತ್ತು. ಸತ್ತುಹೋದ ಗಿಡವನ್ನೂ ಮಕ್ಕಳಲ್ಲಿ ಉಳಿದ ಚೂರುಗಳಿಂದ ಜೋಡಿಸುತ್ತಿತ್ತು.

ಜೂನ್ ತಿಂಗಳ ಒಂದು ಮಧ್ಯಾಹ್ನ ಫರ್ಹಾನಾ ಸುಶಾಂತಿಯ ಎಲೆಯನ್ನು ಒಳಗಿಟ್ಟಳು. ಗೋಡೆಯಷ್ಟಗಲದ ಪರದೆಯ ಮೇಲೆ ಗಿಡಗಳು ಏಳತೊಡಗಿದವು. ಮೊದಲು ನನಗೆ ಗೊತ್ತಿದ್ದ ಹೈಬ್ರಿಡ್‌ಗಳು. ಅವುಗಳ ಹಿಂದೆ ಕಳೆದ ಶತಮಾನದ ಹೆಸರಾಂತ ತಳಿಗಳು, ಪರದೇಶದ ಗಾಜಿನ ಮನೆಗಳಲ್ಲಿ ಹುಟ್ಟಿದವು. ಅವುಗಳ ಹಿಂದೆ ಹಿಂದೂಕುಶ್ ಬೆಟ್ಟದ ಗಿಡ್ಡ, ದಪ್ಪ ಎಲೆಯ ಅಜ್ಜಿಯರು, ಥಾಯ್ಲೆಂಡಿನ ಎತ್ತರದ ಅಜ್ಜಿಯರು, ಕೊಲಂಬಿಯಾ, ಕೇರಳ. ಅಂಗಡಿಗಳಲ್ಲಿ ಸಾವಿರ ಹೆಸರಿನ ಹೈಬ್ರಿಡ್ ಇದ್ದರೂ ಮನೆತನಗಳು ಹತ್ತೋ ಹನ್ನೆರಡೋ ಅಷ್ಟೇ. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಆದರೆ ಅವರೆಲ್ಲ ಒಟ್ಟಿಗೆ ಎದ್ದು ನಿಂತದ್ದನ್ನು ನೋಡಿ ನನ್ನ ಕೈ ತಾನಾಗಿ ಮುಗಿಯಿತು.

ಸಾಲಿನ ಕೊನೆಯಲ್ಲಿ ಒಂದು ಗಿಡಕ್ಕೆ ಹೆಸರಿರಲಿಲ್ಲ.

“ಇದ್ಯಾರು?” ಎಂದೆ.

“ಗೊತ್ತಿಲ್ಲ ಮೇಡಂ. ಎಲ್ಲೂ ದಾಖಲೆ ಇಲ್ಲ. ಸುಶಾಂತಿ ಒಳಗ ಇದರ ಪಾಲು ಮೂವತ್ತೆರಡರಲ್ಲಿ ಒಂದು. ಸುಮಾರು ತೊಂಬತ್ತು ವರ್ಷದ ಹಿಂದ ಯಾರೋ ಇದರ ಬೀಜ ತಗೊಂಡು ಹೋಗ್ಯಾರ. ಆದ್ರ ನೋಡ್ರಿ, ಹಿಂದೊಮ್ಮೆ ಇಂಥದೇ ಸೋಂಕು ಬಂದಾಗ ಸುಶಾಂತಿಯ ಅಕ್ಕತಂಗೇರೊಳಗ ತಡದುಕೊಂಡವು ಎರಡೇ ತಳಿ ಅಂತ ಹಳೇ ಕಡತದಾಗ ಐತಿ. ಎರಡರಾಗೂ ಈಕೀದೇ ರಕ್ತ ಜಾಸ್ತಿ ಇತ್ತು. ಅವನ್ನ ನಾವು ಬೆಳಿಯೋದು ಬಿಟ್ಟು ಹದಿನೈದು ವರ್ಷ ಆತು. ಈಗ ಒಂದು ಬೀಜನೂ ಇಲ್ಲ.”

ಯಂತ್ರಕ್ಕೆ ಇನ್ನೊಂದು ವಿದ್ಯೆ ಇತ್ತು. ಗಿಡದ ಗಂಧವನ್ನು ಲೆಕ್ಕ ಹಾಕಿ ಸಣ್ಣ ಕೊಳವೆಯಿಂದ ಬಿಡುತ್ತಿತ್ತು. ಫರ್ಹಾನಾ ಗುಂಡಿ ಒತ್ತಿದಳು. ಕಾಳುಮೆಣಸು, ಒಣಗಿದ ಮಾದಲಹಣ್ಣಿನ ಸಿಪ್ಪೆ, ಹಸಿ ಕುಸುಬೆಯ ಘಾಟು. ಯಾವಾಗಲೋ ಮಣ್ಣಾದ ಗಿಡವೊಂದು ಆ ಕೋಣೆಯಲ್ಲಿ ಉಸಿರು ಬಿಟ್ಟಿತು. ನಾನು ಕೊಳವೆಯ ಹತ್ತಿರ ಬಾಗಿ ಮತ್ತೊಮ್ಮೆ ಗುಂಡಿ ಒತ್ತಿಸಿದೆ.

ಸಂಜೆ ಮನೆಗೆ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾಗ, ಹಾರ್ಮೋನಿಯಂನ ಹಿತ್ತಾಳೆ ಸ್ವರಪಟ್ಟಿಗಳನ್ನು ಕುಂಚದಿಂದ ಉಜ್ಜುತ್ತಿದ್ದ ಅಮರೇಶ ತಲೆ ಎತ್ತಿದರು.

“ನೀಲಾ, ನೀ ಇವತ್ತು ನಮ್ಮವ್ವನ ಊರಿಗೆ ಹೋಗಿದ್ದೇನು?”

“ಲ್ಯಾಬಿನಾಗೇ ಇದ್ದೆ. ಯಾಕ್ರಿ?”

“ಹೊಳಿಗಡ್ಡಿ ತಾತನ ಮಠದ ವಾಸನಿ ಬರಾಕತ್ತೈತಿ ನಿನ್ನ ಸೀರಿಗೆ. ಸಣ್ಣವನಿದ್ದಾಗ ನಮ್ಮವ್ವ ಅಲ್ಲಿಗೆ ಕರಕೊಂಡು ಹೋಗತಿದ್ದಳು. ಗದ್ದಿಗಿ ಹಿಂದ ಬಂಗಿ ಸೊಪ್ಪಿನ ಗಿಡ ಇದ್ದವು. ಥೇಟ್ ಇದೇ ವಾಸನಿ.”

ನಾನು ಅವರ ಪಕ್ಕದಲ್ಲಿ ಕುಳಿತು ಆ ಮಠದ ದಾರಿ ಕೇಳಿದೆ. ಕಡಲಾಚೆಯ ಗಾಜಿನ ಮನೆಗಳನ್ನು ದಾಟಿ, ಹತ್ತು ಹೆಸರು ಬದಲಿಸಿ, ನನ್ನ ಟೇಬಲಿಗೆ ಬಂದಿದ್ದ ಗಿಡದ ತವರು ನಮ್ಮ ಅತ್ತೆಯ ಊರಿನ ಹೊಳೆದಂಡೆ. ಮೂವತ್ತು ವರ್ಷ ನಾನು ಜಗತ್ತನ್ನೆಲ್ಲ ತಿರುಗಿದ್ದೆ, ಅಲ್ಲಿಗೆ ಮಾತ್ರ ಹೋಗಿರಲಿಲ್ಲ.

ಪರವಾನಗಿ, ಪತ್ರ ಎಂದು ಓಡಾಡಿ ನಾವಿಬ್ಬರೂ ಹೊರಟಾಗ ಸೆಪ್ಟೆಂಬರ್ ಬಂದಿತ್ತು. ಯಾದಗಿರಿ ದಾಟಿ ಕೃಷ್ಣೆಯ ದಂಡೆಗೆ ಇಳಿದರೆ ಕಲ್ಲುಬಂಡೆಗಳ ನಡುವೆ ಮುನ್ನೂರು ವರ್ಷ ಹಳೆಯ ಒಂದು ಚಿಕ್ಕ ಮಠ. ಆರೂಢರ ಪಂಥ. ತಾತನ ಗದ್ದುಗೆಗೆ ಬಂಗಿ ಸೊಪ್ಪು, ಅಂದರೆ ಗಾಂಜಾದ ಎಲೆ, ಏರಿಸಿ, ಅರೆದು, ನೀರಲ್ಲಿ ಕಲಸಿ ಪ್ರಸಾದವಾಗಿ ಒಂದೊಂದು ಗುಟುಕು ಕೊಡುವ ಪದ್ಧತಿ. ಕಾನೂನೂ ಅವರ ಇಪ್ಪತ್ತು ಮೂವತ್ತು ಗಿಡಗಳಿಗೆ ವಿನಾಯಿತಿ ಕೊಟ್ಟಿತ್ತು. ನೋಡಿಕೊಳ್ಳುವವರು ತಾಯಮ್ಮ, ಎಪ್ಪತ್ತೈದರ ಮುದುಕಿ, ಬಾಯಿ ಜೋರು.

ಹಿತ್ತಲಿಗೆ ಕಾಲಿಟ್ಟ ಕೂಡಲೇ ಆ ಗಂಧ ಬಂತು. ನಾನು ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟೆ. ಯಂತ್ರ ಚೂರುಚೂರು ಜೋಡಿಸಿ ಊಹಿಸಿದ್ದ ಅಜ್ಜಿ ಇಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ನಿಂತಿದ್ದಳು, ತಲೆಮಾರುಗಳಿಂದ, ಯಾರಿಗೂ ಹೇಳದೆ.

ಬಂದ ಕಾರಣವನ್ನು ಅಮರೇಶರೇ ಹೇಳಿದರು. ಕೇಳಿ ತಾಯಮ್ಮ ತಲೆಯಾಡಿಸಿದರು.

“ಬೀಜ ಕೊಡ್ತೀನಿ. ನಮ್ಮತ್ತಿನೂ ಹಿಂದ ಒಬ್ಬ ಕೆಂಪು ಗಡ್ಡದ ಪರದೇಶಿಗೆ ಕೊಟ್ಟಿದ್ದಳಂತ. ಮೂರು ತಿಂಗಳು ಇಲ್ಲೇ ಉಂಡುಕೊಂಡು ಬಿದ್ದಿದ್ದನಂತ. ಆದ್ರ ಈಗಲ್ಲ. ಗುಬ್ಬಿ ಮುಟ್ಟಿದ ಮ್ಯಾಲೆ.”

“ಗುಬ್ಬಿ ಅಂದ್ರ?” ಎಂದೆ.

“ಕಾಳು ಬಲಿತ ಮ್ಯಾಲೆ ಗುಬ್ಬಿ ಬರತಾವ. ಯಾವ ಗಿಡಕ್ಕ ಮೊದಲು ಕೂತು ಹೊಟ್ಟಿತುಂಬ ತಿಂತಾವೋ ಆ ಗಿಡದ ಕೆಳಗ ಬಿದ್ದ ಕಾಳಷ್ಟೇ ನಮ್ಮ ಬಿತ್ತನಿ. ಉಳಿದ ಗಿಡದ್ದು ಬಿತ್ತಂಗಿಲ್ಲ. ಬಿತ್ತಿ ಮಿಕ್ಕಿದ್ದನ್ನ ಅವಕ್ಕೇ ಚೆಲ್ಲೋದು, ಮುಂದಿನ ವರ್ಷಕ್ಕಂತ ಇಟ್ಟಕೊಳ್ಳಂಗಿಲ್ಲ. ತಾತ ಮಾಡಿಟ್ಟ ಪದ್ಧತಿ.”

ನಾನು ಒಳಗೊಳಗೇ ನಕ್ಕೆ. ತಳಿ ಆರಿಸಲು ಗುಬ್ಬಿ. ನಮ್ಮ ಕೇಂದ್ರದಲ್ಲಿ ಆ ಕೆಲಸಕ್ಕೆ ಆರು ಮಂದಿ ಡಾಕ್ಟರೇಟಿನವರಿದ್ದರು.

ಮಾರನೆಯ ಬೆಳಿಗ್ಗೆ ಎಲ್ಲ ಗಿಡಗಳಿಗೂ ಚೀಟಿ ಕಟ್ಟಿ, ಯಂತ್ರಕ್ಕಾಗಿ ಒಂದೊಂದು ಎಲೆಯ ಚೂರು ತೆಗೆಯತೊಡಗಿದೆ. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣಿಗೆ ಗಂಡಿನ ಪರಾಗ ತಾಗಿದರೆ ಕಾಳು ಕಟ್ಟುತ್ತದೆ, ಎಣ್ಣೆ ಕಡಿಮೆಯಾಗುತ್ತದೆ. ಅದಕ್ಕೇ ನಮ್ಮ ಕಸುಬಿನವರು ಗಂಡು ಗಿಡ ಕಂಡಲ್ಲಿ ಕೀಳುತ್ತಾರೆ. ಮೂವತ್ತು ವರ್ಷದಲ್ಲಿ ಎಷ್ಟು ಕಿತ್ತಿದ್ದೇನೋ ದೇವರಿಗೇ ಗೊತ್ತು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ನಾವೇನು ಯೋಚಿಸುತ್ತೇವೆಯೇ, ಹಾಗೆ. ಆ ಬೆಳಿಗ್ಗೆ ನನ್ನ ಮನಸ್ಸು ಲ್ಯಾಬಿನಲ್ಲಿತ್ತು, ಕೈ ತನ್ನ ಕೆಲಸ ಮಾಡುತ್ತಿತ್ತು.

“ಏನ್ ಮಾಡಿದೆಬೇ?” ತಾಯಮ್ಮನ ದನಿ ಕೇಳಿ ತಿರುಗಿದೆ.

ನನ್ನ ಹಿಂದೆ ದಾರಿಯುದ್ದಕ್ಕೂ ಒಂಬತ್ತು ಗಂಡು ಗಿಡ ಬೇರುಸಹಿತ ಮಲಗಿದ್ದವು. ಆ ಹಿತ್ತಲಲ್ಲಿದ್ದದ್ದೇ ಒಂಬತ್ತು. ಒಂದರ ಮೊಗ್ಗೂ ಇನ್ನೂ ಬಿರಿದಿರಲಿಲ್ಲ. ಹೆಣ್ಣು ಗಿಡಗಳು ಹದಿನಾಲ್ಕೂ ಹೂ ಹೊತ್ತು ನಿಂತಿದ್ದವು. ಇನ್ನು ಕಾಳು ಕಟ್ಟುವುದು ಹೇಗೆ? ಮಠದಲ್ಲಿ ಹಳೆಯ ಬೀಜ ಒಂದೂ ಇಲ್ಲ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಗಂಡನಿಗಾಗಿ ಹುಡುಕಿಕೊಂಡು ಬಂದ ವಂಶವನ್ನು ನಾನೇ ನನ್ನ ಕೈಯಾರೆ ಕಿತ್ತು ಹಾಕಿದ್ದೆ.

ತಾಯಮ್ಮ ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಬಿದ್ದ ಗಿಡಗಳ ಪಕ್ಕ ಕುಳಿತು ಅವುಗಳ ಮೇಲೆ ಕೈಯಾಡಿಸಿದರು. “ಇವನ್ನ ನಾವು ಮದುಮಗ ಅಂತೀವಿ. ತಾನಾಗಿ ಒಣಗಿ ಬೀಳೋತನ ಯಾರೂ ಕೀಳಂಗಿಲ್ಲ. ನಿಮ್ಮ ಕಡೆ ಕೀಳತಾರೇನು?”

“ಹೌದಮ್ಮಾ. ಅದೇ ನನ್ನ ಕೆಲಸ.”

“ಮತ್ತ ಕಾಳು ಹೆಂಗ ಆಗತಾವ?”

ಆ ಪ್ರಶ್ನೆ ನನ್ನನ್ನು ಎಚ್ಚರಿಸಿತು. ಕಿತ್ತ ಗಂಡಿನ ಕೊಂಬೆಯನ್ನು ಬೇಗ ನೀರಿನಲ್ಲಿಟ್ಟರೆ, ತುಂಬಿದ ಮೊಗ್ಗು ಕೆಲವು ದಿನ ಜೀವ ಹಿಡಿದು ಬಿರಿಯುವುದುಂಟು. ಮಠದ ಕೊಡ, ತಂಬಿಗೆ, ಹಂಡೆ ಎಲ್ಲದರಲ್ಲೂ ನೀರು ತುಂಬಿ ಕೊಂಬೆಗಳನ್ನು ಇಟ್ಟೆವು. ಮೊದಲ ದಿನ ಏನಿಲ್ಲ. ಎರಡನೆಯ ದಿನ ಆರು ಗಿಡದ ಕೊಂಬೆಗಳು ಜೋತುಬಿದ್ದವು. ನಾಲ್ಕನೆಯ ದಿನ ಬೆಳಿಗ್ಗೆ ಉಳಿದ ಮೂರರಲ್ಲಿ ಮೊಗ್ಗು ಬಿರಿದು ಹಳದಿ ಧೂಳು ಉದುರಿತು. ನಾನು ಅತ್ತುಬಿಟ್ಟೆ. ಅಮರೇಶ ತಮ್ಮ ಚೀಲದಿಂದ ಸ್ವರಪಟ್ಟಿ ಉಜ್ಜುವ ಸಣ್ಣ ಕುಂಚ ತೆಗೆದು ಕೊಟ್ಟರು. ಮೂವರೂ ಸರದಿಯ ಮೇಲೆ ಒಂದೊಂದು ಹೂವಿಗೂ ಆ ಧೂಳು ಮುಟ್ಟಿಸಿದೆವು. ಮೂವತ್ತು ವರ್ಷ ತಡೆದದ್ದನ್ನು ಆ ದಿನ ನನ್ನ ಕೈಯಿಂದಲೇ ಮಾಡಿದೆ.

ರಾಯಚೂರಿಗೆ ಮರಳಿ ಎಲೆಯ ಚೂರುಗಳನ್ನು ಕೊಟ್ಟೆ. ವಂಶದರ್ಪಣ ಐದನೆಯ ಚೀಟಿಯ ಗಿಡವನ್ನು ತೋರಿಸಿತು. ಎತ್ತರ, ಕಾಂಡದ ಕೆಂಪು, ಗಂಧ, ಎಲ್ಲವೂ ಅದು ಕಟ್ಟಿದ್ದ ಅಜ್ಜಿಗೆ ನೂರಕ್ಕೆ ತೊಂಬತ್ತೆಂಟು ಪಾಲು ಹೊಂದುತ್ತಿತ್ತು.

ನವೆಂಬರಿನಲ್ಲಿ ಮತ್ತೆ ಮಠಕ್ಕೆ ಹೋದೆವು. ಹಿಂದಿನ ದಿನವಷ್ಟೇ ಅಮರೇಶ ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಹಣೆಗೆ ಐದು ಹೊಲಿಗೆ ಬಿದ್ದಿತ್ತು. ಹಿತ್ತಲಿಗೆ ಹೋಗಿ ನೋಡಿದರೆ ಗಿಡಕ್ಕೆ ನಾಲ್ಕೈದು ಕಡೆ ಮಾತ್ರ ಕಾಳು ಕಟ್ಟಿತ್ತು. ಹದಿನಾಲ್ಕೂ ಗಿಡದ್ದು ಸೇರಿಸಿದರೂ ಮೂರು ಬೊಗಸೆ ಆಗುತ್ತಿರಲಿಲ್ಲ. ಬೇಲಿಯ ಮೇಲೆ ಗುಬ್ಬಿಗಳು ಆಗಲೇ ಸಾಲು ಹಿಡಿದಿದ್ದವು.

ನಾನು ಚೀಲದಿಂದ ಬಲೆ ತೆಗೆದೆ. ನಮ್ಮ ಕಸುಬಿನಲ್ಲಿ ಅದೂ ಒಂದು ಅಭ್ಯಾಸ. ಒಂದೊಂದು ಕಾಳೂ ನನಗೆ ನನ್ನ ಗಂಡನ ಒಂದೊಂದು ದಿನವಾಗಿ ಕಾಣುತ್ತಿತ್ತು. ತಾಯಮ್ಮ ನೋಡಿದರು, ಅಡ್ಡ ಬರಲಿಲ್ಲ.

“ನೀಲಾ, ಬಲಿ ಮಡಚು,” ಎಂದರು ಅಮರೇಶ.

“ಎಲ್ಲಾ ತಿಂದುಬಿಟ್ರ?”

“ತಿಂದ್ರ ತಿಂತಾವ. ಒಮ್ಮಿ ಆ ತಾಯಿ ಹಿತ್ತಲಿನಾಗ ನಮ್ಮ ಬುದ್ಧಿ ನಡಸೀವಿ. ಅಷ್ಟು ಸಾಕು.”

ನಾನು ಬಲೆ ಮಡಚಿ ಚೀಲಕ್ಕೆ ತುರುಕಿದೆ. ಮೂವರೂ ಗೋಡೆಗೆ ಒರಗಿ ಕುಳಿತೆವು.

ಗುಬ್ಬಿಗಳು ಇಳಿದವು. ಮೊದಲು ನನ್ನ ಐದನೆಯ ಗಿಡಕ್ಕೆ. ಒಂದೆರಡು ಕಾಳು ಕಚ್ಚಿ, ಸಿಪ್ಪೆ ಉಗುಳಿ, ಹಾರಿದವು. ಪಕ್ಕದ ಗಿಡ, ಅದರ ಪಕ್ಕದ ಗಿಡ, ಎಲ್ಲ ಕಡೆ ಹಾಗೆಯೇ. ಕೊನೆಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸೊಟ್ಟಗೆ ನಿಂತಿದ್ದ ಒಂದು ಕುಳ್ಳ ಗಿಡವಿತ್ತು, ಹನ್ನೆರಡನೆಯದು. ಯಂತ್ರ ಅದನ್ನು ಕೊನೆಯ ಸ್ಥಾನದಲ್ಲಿಟ್ಟಿತ್ತು. ಹಿಂಡೆಲ್ಲ ಅದರ ಮೇಲೆ ಕುಳಿತು ಗದ್ದಲ ಎಬ್ಬಿಸಿ ತಿನ್ನತೊಡಗಿತು. ಬೇರೆ ಗಿಡಗಳತ್ತ ತಿರುಗಿಯೂ ನೋಡಲಿಲ್ಲ. ಕಾಳು ಕಚ್ಚುವ ಸಣ್ಣ ಸದ್ದು ಗೋಡೆಯವರೆಗೂ ಕೇಳುತ್ತಿತ್ತು.

ತಾಯಮ್ಮ ಆ ಗಿಡದ ಬುಡ ಗುಡಿಸಿದರು. ಗುಬ್ಬಿಗಳ ಬಾಯಿಂದ ಜಾರಿದ ಗಟ್ಟಿ ಕಾಳು ಒಂದು ಹಿಡಿ ಸಿಕ್ಕಿತು. ಅರ್ಧ ಗದ್ದುಗೆಯ ಮುಂದಿಟ್ಟು ಅರ್ಧ ನನ್ನ ಸೆರಗಿಗೆ ಸುರಿದರು. ನಿಜ ಹೇಳಬೇಕೆಂದರೆ ಹೊರಡುವ ಮುಂಚೆ ನಾನು ಐದನೆಯ ಗಿಡದಿಂದಲೂ ಹತ್ತು ಕಾಳು ಕದ್ದೆ. ಗುಬ್ಬಿಯನ್ನು ನಂಬಿ ಗಂಡನ ಜೀವ ಒತ್ತೆಯಿಡುವಷ್ಟು ಭಕ್ತಿ ನನಗೆ ಬಂದಿರಲಿಲ್ಲ.

ಎರಡನ್ನೂ ಲ್ಯಾಬಿನಲ್ಲಿ ಬಿತ್ತಿದೆ. ಸಸಿಗಳಿಗೆ ಬೇಕೆಂದೇ ಬಡಕಲು ರೋಗ ಹತ್ತಿಸಿದೆ. ಆರು ವಾರಕ್ಕೆ, ಕದ್ದ ಹತ್ತು ಸಸಿಗಳಲ್ಲೂ ಸೋಂಕು ಬೇರುಬಿಟ್ಟಿತ್ತು. ಗುಬ್ಬಿ ಆರಿಸಿದ್ದರಲ್ಲಿ ಒಂದಕ್ಕೂ ತಾಗಿರಲಿಲ್ಲ.

ಫರ್ಹಾನಾ ಮೂರು ಸಲ ಪರೀಕ್ಷೆ ಮಾಡಿದಳು. ಯಂತ್ರ ರೂಪ, ಗಂಧ, ಎತ್ತರ ನೋಡಿ ಅಜ್ಜಿಯ ತದ್ರೂಪನ್ನು ಹುಡುಕಿತ್ತು. ರೋಗ ತಡೆಯುವ ಶಕ್ತಿ ಅಡಗಿದ್ದದ್ದು ಅದು ಕೆಲಸವಿಲ್ಲದ ತುಂಡೆಂದು ಬದಿಗಿಟ್ಟ ಜಾಗದಲ್ಲಿ. ಗುಬ್ಬಿಗೆ ಇದಾವುದೂ ಬೇಕಿರಲಿಲ್ಲ. ಸೋಂಕು ತಗುಲಿದ ಗಿಡದ ಕಾಳು ಜೊಳ್ಳು, ಆರೋಗ್ಯವಂತ ಗಿಡದ ಕಾಳು ಎಣ್ಣೆ ತುಂಬಿದ್ದು. ಆ ಸೋಂಕು ಹೊಳೆದಂಡೆಯಲ್ಲಿ ಎಷ್ಟು ಸಲ ಬಂದು ಹೋಗಿತ್ತೋ, ಪ್ರತಿ ಸಲವೂ ಗುಬ್ಬಿಗಳು ಅದನ್ನು ಕೊಕ್ಕಿನಿಂದ ಓದಿ, ಗೆದ್ದ ಗಿಡವನ್ನು ತಾಯಮ್ಮನ ಮನೆತನದ ಕೈಗೆ ಒಪ್ಪಿಸಿದ್ದವು. ಒಂದು ವರ್ಷವೂ ತಪ್ಪದೆ ಮುನ್ನೂರು ಸಲ.

“ಮುನ್ನೂರು ವರ್ಷದ ಪ್ರಯೋಗ ಮೇಡಂ,” ಎಂದಳು ಫರ್ಹಾನಾ ಮೆಲ್ಲಗೆ. “ಒಂದು ರಿಪೋರ್ಟೂ ಯಾರೂ ಬರದಿಟ್ಟಿಲ್ಲ.”

ಪರದೆಯ ಮೇಲೆ ಆ ಕುಳ್ಳ ಗಿಡ ಸೊಟ್ಟಗೆ ನಿಂತಿತ್ತು. ನನಗೆ ಅದರ ಮುಂದೆ ಕುರ್ಚಿಯಲ್ಲಿ ಕೂರಲು ಸಂಕೋಚವಾಯಿತು.

ಸುಶಾಂತಿಯ ಜೊತೆ ಅದನ್ನು ಕೂಡಿಸಿ, ಮಕ್ಕಳನ್ನು ಮತ್ತೆ ಕೂಡಿಸಿ, ಎಣ್ಣೆ ಹದಕ್ಕೆ ಬರಲು ಎರಡೂವರೆ ವರ್ಷ ಹಿಡಿಯಿತು. ಆ ಎರಡೂವರೆ ವರ್ಷದಲ್ಲಿ ಅಮರೇಶ ಎಷ್ಟು ಸಲ ಬಿದ್ದರೆಂದು ನಾನು ಬರೆದಿಡಲಿಲ್ಲ. ಒಂದು ಹಲ್ಲು ಹೋಯಿತು, ಎಡಗೈ ಮುರಿಯಿತು. ಹಾರ್ಮೋನಿಯಂ ತರುವವರು ಕಡಿಮೆಯಾದರು. ತಮಾಷೆ ಮಾಡುವುದನ್ನು ಮಾತ್ರ ಅವರು ಬಿಡಲಿಲ್ಲ.

ಹೊಸ ಎಣ್ಣೆ ಪರೀಕ್ಷೆಗೆ ಸಿದ್ಧವಾದಾಗ ಮೊದಲ ಅರವತ್ತು ರೋಗಿಗಳಲ್ಲಿ ಅವರೂ ಒಬ್ಬರು. ಮೂರ್ಛೆಯಿಲ್ಲದೆ ಒಂದು ತಿಂಗಳು ಕಳೆಯಿತು, ಎರಡು ಕಳೆಯಿತು. ಇಬ್ಬರೂ ಆ ಮಾತೆತ್ತಲಿಲ್ಲ. ಎತ್ತಿದರೆ ಎಲ್ಲಿ ದೃಷ್ಟಿ ತಾಕುವುದೋ ಎಂದು ವಿಜ್ಞಾನಿಯಾದ ನನಗೂ ಭಯ.

ಮೂರ್ಛೆ ಬರುವವರಿರುವ ಮನೆಯಲ್ಲಿ ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವಂತಿಲ್ಲ. ಒಳಗೆ ಬಿದ್ದರೆ ಬಾಗಿಲು ಒಡೆಯಬೇಕಾಗುತ್ತದೆ. ಅಷ್ಟು ದಿನವೂ ಅವರು ಬಾಗಿಲು ಓರೆ ಮಾಡಿಕೊಂಡೇ ಸ್ನಾನ ಮಾಡುತ್ತಿದ್ದರು, ನಾನು ಹೊರಗೆ ಏನೋ ಕೆಲಸವಿದ್ದವಳಂತೆ ಸುಳಿದಾಡುತ್ತಿದ್ದೆ. ಅವರು ಅದರ ಬಗ್ಗೆ ಒಂದು ದಿನವೂ ಗೊಣಗಿರಲಿಲ್ಲ, ಆದರೆ ಆ ಓರೆ ಬಾಗಿಲು ಅವರಿಗೆ ಎಷ್ಟು ಅವಮಾನ ಎಂದು ನನಗೆ ಗೊತ್ತಿತ್ತು.

ಹೊಸ ಎಣ್ಣೆ ಶುರುವಾದ ಏಳನೆಯ ತಿಂಗಳಿನ ಒಂದು ಭಾನುವಾರ ಬೆಳಿಗ್ಗೆ ಅವರು ಪಂಚೆ, ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು. ಬಾಗಿಲು ಮುಚ್ಚಿತು. ಆಮೇಲೆ ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

ನಾನು ಒಲೆಯ ಮುಂದಿನಿಂದ ಎದ್ದು ಬಾಗಿಲವರೆಗೆ ಬಂದೆ. ತಟ್ಟಲು ಕೈ ಎತ್ತಿದೆ. ಒಳಗೆ ನೀರು ಬೀಳುತ್ತಿತ್ತು, ಅವರು ಯಾವುದೋ ರಾಗ ಗುನುಗುತ್ತಿದ್ದರು. ಕೈ ಇಳಿಸಿದೆ.

“ನೀಲಾ, ಹೊರಗ ನಿಂತೀಯೇನು?” ಎಂದು ಒಳಗಿನಿಂದ ಕೇಳಿದರು.

“ಇಲ್ರಿ,” ಎಂದೆ. “ಒಲಿ ಮುಂದ ಅದೀನಿ.”

ಹೇಳಿದ್ದು ಸುಳ್ಳಾಗಬಾರದೆಂದು ಅಡುಗೆಮನೆಗೆ ಹೋಗಿ ಕುಳಿತೆ. ಅವರು ಸ್ನಾನ ಮುಗಿಸಿ ತಾವೇ ಚಿಲಕ ತೆಗೆದು ಬರುವವರೆಗೂ ಕಣ್ಣೀರು ಒರೆಸಿಕೊಳ್ಳುತ್ತಾ ಅಲ್ಲಿಯೇ ಕುಳಿತಿದ್ದೆ.